ದೊಡ್ಡ ಸ್ವಾಮಿಯವರ ಒಕ್ಕಲು

ಬೇಲೂರು, ಹಳೇಬೀಡು ನೋಡಿದವರು ಮರುದಿನ ಶೆಟ್ಟಿಹಳ್ಳಿಗೆ ಬರುತ್ತಾರೆ. ನೀರಲ್ಲಿ ನಿಂತ ಚರ್ಚಿನ ಮುಂದೆ ಸೆಲ್ಫಿ ತೆಗೆದು ಹೊರಡುತ್ತಾರೆ. ಆ ಗೋಡೆಯೊಳಗೆ ಮಂಡಿಯೂರುತ್ತಿದ್ದ ಜನ ಯಾರು, ಎಲ್ಲಿ ಹೋದರು? ಹಾಸನ ಸೀಮೆಯ ಕನ್ನಡ ಕ್ರೈಸ್ತರ ಇನ್ನೂರು ವರ್ಷದ ಕಥೆ ಶುರುವಾಗುವುದು ಗುಡಿಯಿಂದಲ್ಲ, ಗದ್ದೆಯಿಂದ.

ಅಕ್ಟೋಬರಿನ ಒಂದು ಭಾನುವಾರ. ಬೆಳಗಿನ ಮಂಜು ಇನ್ನೂ ನೀರ ಮೇಲೆ ಕೂತಿತ್ತು. ಮೊದಲು ಕಂಡದ್ದು ಒಂದು ಕಮಾನಿನ ತುದಿ. ಆಮೇಲೆ ಇನ್ನೊಂದು. ಬಿಸಿಲು ಏರಿದಂತೆ ಗೋಡೆ, ಗೋಡೆಯ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆಗಳು, ಅರ್ಧ ಮುಳುಗಿದ ಕಿಟಕಿಗಳು. ಛಾವಣಿ ಇಲ್ಲ, ಬಾಗಿಲು ಇಲ್ಲ. ಎದುರು ಬದುರು ನಿಂತ ಎರಡು ಗೋಡೆಗಳ ನಡುವೆ ಹೇಮಾವತಿ ಹೊಳೆ ಸದ್ದಿಲ್ಲದೆ ಒಳಬಂದು ಹೊರಹೋಗುತ್ತಿತ್ತು.

ದಡದಲ್ಲಿ ಆಗಲೇ ಹತ್ತಾರು ಕಾರು. ಬೆಂಗಳೂರಿನ ನಂಬರ್ ಪ್ಲೇಟೇ ಹೆಚ್ಚು. ಮದುವೆಗೆ ಮೊದಲಿನ ಫೋಟೊ ತೆಗೆಸಿಕೊಳ್ಳಲು ಬಂದ ಜೋಡಿಯೊಂದು ಕೆಸರಲ್ಲಿ ಜರಿ ಸೀರೆ ಎತ್ತಿ ಹಿಡಿದು ನಡೆಯುತ್ತಿತ್ತು. ಮುಸುಕಿನ ಜೋಳ ಸುಡುತ್ತಿದ್ದ ಗಾಡಿಯ ಹತ್ತಿರ ಆರೇಳು ವರ್ಷದ ಹುಡುಗಿ ಕೇಳಿದಳು:

‘ಅಂಕಲ್, ಒಳಗೆ ದೇವರು ಇದೆಯಾ?’

ಜೋಳದವರು ಬೀಸಣಿಗೆ ನಿಲ್ಲಿಸಲಿಲ್ಲ. ‘ದೇವ್ರು ಊರೋರ ಜೊತೇಲೇ ಎದ್ದೋಯ್ತು ಪುಟ್ಟಿ. ಈಗ ಗೋಡೆ ಮಾತ್ರ ಅದೆ.’

ಆ ಮಾತು ಹಿಡಿದೇ ಈ ಲೇಖನ ಬರೆಯಬೇಕೆನಿಸಿತು. ಶೆಟ್ಟಿಹಳ್ಳಿಯ ಬಗ್ಗೆ ಓದುವುದೆಲ್ಲ ಗೋಡೆಯ ಬಗ್ಗೆ. ಗಾಥಿಕ್ ಶೈಲಿ, ಫ್ರೆಂಚ್ ಪಾದ್ರಿಗಳು, 1860ರ ದಶಕ, ಮುಳುಗುವುದು, ಏಳುವುದು. ಎದ್ದುಹೋದ ಊರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಇದು ಜಪಸರ ಮಾತೆಯ ದೇವಾಲಯ. ಹೊರಗಿನವರ ಬಾಯಲ್ಲಿ ರೋಸರಿ ಚರ್ಚು. ಕಥೋಲಿಕರಿಗೆ ಅಕ್ಟೋಬರ್ ಎಂದರೆ ಜಪಸರದ ತಿಂಗಳು. 1571ರ ಲೆಪಾಂಟೊ ಕಡಲ ಯುದ್ಧದ ನೆನಪಿಗೆ ಅಕ್ಟೋಬರ್ 7ರಂದು ಜಪಸರ ಮಾತೆಯ ಹಬ್ಬ. ಮಲೆನಾಡಿನ ಮಳೆಯನ್ನೆಲ್ಲ ಕುಡಿದು ಹೇಮಾವತಿಯ ಗೊರೂರು ಜಲಾಶಯ ತುಂಬಿ ನಿಂತಿರುವುದೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಹಬ್ಬ ಬಂದಾಗ ಗುಡಿ ನೀರಲ್ಲಿರುತ್ತದೆ.

ಅಬ್ಬೆ ಅಂದರೆ ಅಪ್ಪ

ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅಬೆ ಎಂದರೆ ಪಾದ್ರಿ. ಮೂಲ ಹುಡುಕಿದರೆ ಅರ್ಥ ‘ಅಪ್ಪ’. ಹಾಸನದ ಸೀಮೆಗೆ ಬಂದ ಅಬೆ ಜಾನ್ ಅಂತ್ವಾನ್ ದುಬ್ವಾ ಎರಡೂ ಪಾತ್ರ ಮಾಡಿದರು ಅನ್ನಿ.

ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ 1766ರಲ್ಲಿ ಹುಟ್ಟಿದವರು. ಪಾದ್ರಿ ದೀಕ್ಷೆ ಪಡೆದ 1792ರಲ್ಲೇ ಭಾರತಕ್ಕೆ ಹಡಗು ಹತ್ತಿದರು. ಆಗ ಫ್ರಾನ್ಸಿನಲ್ಲಿ ಕ್ರಾಂತಿ ಹೊತ್ತಿ ಉರಿಯುತ್ತಿತ್ತು, ಪಾದ್ರಿಗಳ ತಲೆ ಕತ್ತಿಯ ಕೆಳಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಟಿಪ್ಪು 1784ರಲ್ಲಿ ಕರಾವಳಿಯಿಂದ ಸೆರೆ ಹಿಡಿಸಿ ತಂದಿದ್ದ ಕ್ರೈಸ್ತರಲ್ಲಿ ಉಳಿದವರನ್ನೂ ಚದುರಿಹೋದ ಹಳೆಯ ಸಭೆಗಳನ್ನೂ ಮತ್ತೆ ಕೂಡಿಸುವುದು ಅವರ ಪಾಲಿಗೆ ಬಂದ ಕೆಲಸ.

ಹಳೆಯ ಸಭೆಗಳು ಇದ್ದವೇ? ಇದ್ದವು. ದುಬ್ವಾ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ, 1648–49ರ ಸುಮಾರಿಗೆ, ಇಟಲಿಯ ಜೆಸುಯಿಟ್ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ತೆರೆದಿದ್ದರು. ಕನ್ನಡ ಕಲಿತು ಕನ್ನಡದ ವ್ಯಾಕರಣ ಬರೆದರು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಹಳ್ಳಿ ಹಳ್ಳಿಗಳಲ್ಲಿ ಸಣ್ಣ ಸಣ್ಣ ಸಭೆಗಳು ಹುಟ್ಟಿಕೊಂಡಿದ್ದು ಆಗಲೇ. 1773ರಲ್ಲಿ ಪೋಪ್ ಜೆಸುಯಿಟ್ ಸಂಘವನ್ನೇ ಮುಚ್ಚಿಸಿದಾಗ ಇವೆಲ್ಲ ತಬ್ಬಲಿಯಾದವು. ಮೂರು ವರ್ಷದ ನಂತರ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘ ಆ ಜವಾಬ್ದಾರಿ ಹೊತ್ತಿತು. ದುಬ್ವಾ ಆ ಸಂಘದವರು.

ಅವರು ಬಂದಾಗ ಕೈಯಲ್ಲಿ ಶಿಲುಬೆ ಇತ್ತು ನಿಜ. ಆದರೆ ಅವರನ್ನು ನೆನಪಿಡುವಂತೆ ಮಾಡಿದ ಎರಡು ಕೆಲಸಗಳು ಬೇರೆಯವು. ಒಂದು ನೇಗಿಲಿನದು, ಇನ್ನೊಂದು ಸೂಜಿಯದು.

ನೇಗಿಲು ಮತ್ತು ಸೂಜಿ

ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗೆ ಪ್ರಾರ್ಥನೆಯಷ್ಟೇ ಸಾಲದು, ಉಳಲು ಹೊಲ ಬೇಕು ಎಂದು ಅವರಿಗೆ ಅನ್ನಿಸಿತು. ಬೇಸಾಯದ ವಸಾಹತುಗಳನ್ನು ಕಟ್ಟಲು ಹೊರಟರು. ಅವುಗಳಲ್ಲಿ ಹೆಸರಾದದ್ದು ಹಾಸನದ ಬಳಿಯ ಸಾತಳ್ಳಿ. ಅದನ್ನೇ ನಡುವಿಟ್ಟುಕೊಂಡು ಕ್ರೈಸ್ತ ರೈತರ ನೆಲೆ ಬೆಳೆಯಿತು. ಶೆಟ್ಟಿಹಳ್ಳಿಯ ಮೊದಲ ಚರ್ಚಿಗೂ ದುಬ್ವಾ ಅವರ ಹೆಸರನ್ನೇ ಜನ ಹೇಳುತ್ತಾರೆ. ಈಗ ನೀರಲ್ಲಿ ನಿಂತಿರುವುದು ಅದಾದ ಅರ್ಧ ಶತಮಾನದ ಮೇಲೆ ಎದ್ದ ಕಟ್ಟಡ.

ಒಕ್ಕಲು ಎಂಬ ಪದ ಈ ಕಥೆಗೆಂದೇ ಹುಟ್ಟಿದಂತಿದೆ. ನೆಲ ಉಳುವ ಸಂಸಾರವೂ ಒಕ್ಕಲು, ಒಂದು ದೇವರಿಗೆ ನಡೆದುಕೊಳ್ಳುವ ಮನೆತನವೂ ಒಕ್ಕಲು. ‘ನೀವು ಯಾವ ದೇವರ ಒಕ್ಕಲು?’ ಎಂದು ಹಾಸನದ ಕಡೆ ಇಂದಿಗೂ ಕೇಳುತ್ತಾರೆ. ಸಾತಳ್ಳಿ, ಶೆಟ್ಟಿಹಳ್ಳಿಯವರು ಎರಡು ಅರ್ಥದಲ್ಲೂ ಒಕ್ಕಲಾದರು: ರಾಗಿ ಬಿತ್ತಿದರು, ಭಾನುವಾರ ಪೂಜೆಗೆ ಬಂದರು.

ಸೂಜಿಯ ಕಥೆ ಇನ್ನೂ ಸ್ವಾರಸ್ಯ. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬು ತಡೆಯಬಹುದು ಎಂದು ತೋರಿಸಿದ್ದರು. ಆ ಲಸಿಕೆ ತೋಳಿನಿಂದ ತೋಳಿಗೆ ದಾಟುತ್ತಾ 1802ರಲ್ಲಿ ಮುಂಬೈ ಮುಟ್ಟಿತು. ಮೈಸೂರು ಸೀಮೆಯಲ್ಲಿ ಅದನ್ನು ಹಳ್ಳಿಗರಿಗೆ ಒಪ್ಪಿಸಲು ಊರೂರು ಸುತ್ತಿದವರಲ್ಲಿ ದುಬ್ವಾ ಒಬ್ಬರು.

ಒಪ್ಪಿಸುವುದು ಸುಲಭವಿತ್ತೇ? ನಮ್ಮಲ್ಲಿ ಸಿಡುಬು ರೋಗವಲ್ಲ, ಅಮ್ಮ. ಮನೆಗೆ ಬಂದ ಅಮ್ಮನನ್ನು ಬೇವಿನ ಸೊಪ್ಪು ಕಟ್ಟಿ ತಂಪು ಮಾಡಿ ಕಳಿಸಬೇಕೇ ಹೊರತು ಬಾಗಿಲಲ್ಲೇ ತಡೆಯಲು ಯಾರು ಧೈರ್ಯ ಮಾಡುತ್ತಾರೆ? ಅಮ್ಮನಿಗೆ ಎದುರು ನಿಂತದ್ದು ಅಬೆ. ಅದೇ ಹೊತ್ತಿಗೆ ಅರಮನೆಯೂ ಲಸಿಕೆಯ ಪರ ನಿಂತಿತು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರಲ್ಲಿ ಬರೆದ ಮೈಸೂರು ಅರಸುಮನೆತನದ ಮೂವರು ಸ್ತ್ರೀಯರ ಚಿತ್ರದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಸೆರಗು ಸರಿಸಿ ತೋಳು ತೋರುತ್ತಿರುವುದು ಲಸಿಕೆಯ ಗುರುತನ್ನೇ ಎಂದು ಇತಿಹಾಸಕಾರರು ವಾದಿಸಿದ್ದಾರೆ. ಅದೇ ಹಿಕಿ ದುಬ್ವಾ ಅವರ ಚಿತ್ರವನ್ನೂ ಬರೆದರು. ಬಿಳಿ ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಬಿದಿರ ಕೋಲು. ಮುಖದ ಬಣ್ಣ ಮರೆತರೆ ನಮ್ಮೂರ ಹಳೆಯ ಶಾನುಭೋಗರೇ.

ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದರು. ಹಿಂದೂಗಳ ಆಚಾರಗಳ ಬಗ್ಗೆ ಅವರು ಬರೆದ ಪುಸ್ತಕವನ್ನು 1897ರಲ್ಲಿ ಹೊಸದಾಗಿ ಇಂಗ್ಲಿಷಿಗೆ ತಂದ ಬೋಷಾಂ ಈ ಕನ್ನಡ ಹೆಸರನ್ನು ಮುನ್ನುಡಿಯಲ್ಲಿ ಬರೆದಿಟ್ಟಿದ್ದಾರೆ.

---

▪ ದೊಡ್ಡ ಸ್ವಾಮಿಯವರ ದೊಡ್ಡ ಪುಸ್ತಕ

ಹಿಂದೂಗಳ ನಡೆ, ನುಡಿ, ಆಚಾರಗಳ ಬಗ್ಗೆ ದುಬ್ವಾ ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. ನಡುವೆ ನಿಂತು ಕೊಡಿಸಿದವರು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಭಾರತಕ್ಕೆ ಬರುವ ಆಂಗ್ಲ ಅಧಿಕಾರಿಗಳಿಗೆ ಅದು ಕೈಪಿಡಿಯೇ ಆಗಿಹೋಯಿತು.

ಆದರೆ ಕೃತಿಯ ಬಹುಪಾಲಿಗೆ ಆಧಾರ ಜೆಸುಯಿಟ್ ಪಾದ್ರಿ ಕೂರ್ದು 1770ರ ದಶಕದಲ್ಲಿ ಬರೆದಿದ್ದ ಹಸ್ತಪ್ರತಿ ಎಂದು ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಸಾತಳ್ಳಿಯ ಹೊಲ ದುಬ್ವಾ ಅವರದೇ. ಪುಸ್ತಕದ ಫಸಲಿನಲ್ಲಿ ಬೇರೆಯವರ ಪಾಲೂ ಇತ್ತು.

ಊರಿಗೆ ಮರಳಿದ ಮೇಲೆ ಅವರು 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿಗೆ ತಂದರು. ಅದಕ್ಕೆ ಬಳಸಿದ ಪ್ರತಿಗಳಲ್ಲಿ ಒಂದು ಕನ್ನಡದ್ದು.

---

ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಹಿಂತಿರುಗಿದ ದುಬ್ವಾ ಅದೇ ವರ್ಷ ಇನ್ನೊಂದು ಪುಸ್ತಕ ಹೊರತಂದರು. ಅದು ಮಿಷನರಿ ಜಗತ್ತಿಗೇ ಕಲ್ಲು ಹೊಡೆದಂತಿತ್ತು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದರು. ತಾವು ಅಷ್ಟು ವರ್ಷ ದುಡಿದು ಒಟ್ಟು ಇನ್ನೂರು ಮುನ್ನೂರು ಮಂದಿಯನ್ನು ಹೊಸದಾಗಿ ಸೇರಿಸಿಕೊಂಡದ್ದು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಮತ್ತು ಭಿಕ್ಷುಕರು ಎಂದು ಲೆಕ್ಕ ಒಪ್ಪಿಸಿದರು. ಇಂಗ್ಲೆಂಡಿನ ಪಾದ್ರಿಗಳು ಸಿಟ್ಟಿನಿಂದ ಉತ್ತರ ಬರೆದರು.

ನನಗೆ ಆ ಲೆಕ್ಕದಲ್ಲಿ ಪ್ರಾಮಾಣಿಕತೆಯೂ ಕಾಣುತ್ತದೆ, ಒಂದು ಕೊಂಕೂ ಕಾಣುತ್ತದೆ. ಬಡವರು, ಅಸ್ಪೃಶ್ಯರು ಬಂದರೆ ಅದು ಲೆಕ್ಕಕ್ಕೆ ಕಡಿಮೆಯೇ? ದಕ್ಷಿಣದ ಕಥೋಲಿಕ ಮಿಷನ್ನು ಮೊದಲಿನಿಂದಲೂ ಜಾತಿಯ ಜೊತೆ ರಾಜಿ ಮಾಡಿಕೊಂಡೇ ನಡೆದದ್ದು. ಜೆಸುಯಿಟರು ಕಾವಿ ಉಟ್ಟು ಸನ್ಯಾಸಿಗಳಂತೆ ಬದುಕಿದರು. ಮೇಲುಜಾತಿಯವರಿಗೆ ಬೇರೆ ಗುರು, ಕೆಳಜಾತಿಯವರಿಗೆ ಬೇರೆ ಗುರು ಎಂಬ ಏರ್ಪಾಡೂ ತಮಿಳು ಸೀಮೆಯಲ್ಲಿ ಇತ್ತು. ಜಾತಿ ಎಂಬುದು ಚರ್ಚಿನ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಬರುವ ವಸ್ತುವಾಗಿರಲಿಲ್ಲ.

ಕೊನೆಗೆ ಉಳಿದದ್ದು ಯಾವುದು ನೋಡಿ. ಆಗದ ಮಾತು ಎಂದು ಬರೆದವರು ಪ್ಯಾರಿಸ್ಸಿನಲ್ಲಿ 1848ರಲ್ಲಿ ತೀರಿಕೊಂಡರು. ಅವರು ಹೊಲ ಹಂಚಿದ ಒಕ್ಕಲು ಇಲ್ಲೇ ಉಳಿಯಿತು.

ಬೆಲ್ಲ, ಮೊಟ್ಟೆ, ಸುಣ್ಣ

ಮೈಸೂರು ಸೀಮೆಯ ಕಥೋಲಿಕರ ಆಡಳಿತ 1850ರಲ್ಲಿ ಪಾಂಡಿಚೇರಿಯಿಂದ ಬಿಡಿಯಾಯಿತು. ಅದರ ಮೊದಲ ಮುಖ್ಯಸ್ಥ, ಬಿಷಪ್ ಶಾರ್ಬೊನೊ, 1873ರವರೆಗೆ ಇದ್ದರು. ಅವರ ಕಾಲ ಕಟ್ಟುವ ಕಾಲ. ಚರ್ಚಷ್ಟೇ ಅಲ್ಲ, ಭಾಷೆಯನ್ನೂ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1855ರಲ್ಲಿ, ಈ ಫ್ರೆಂಚ್ ಪಾದ್ರಿಗಳು ಬೆಂಗಳೂರಿನಲ್ಲಿ ಕನ್ನಡ–ಲ್ಯಾಟಿನ್ ನಿಘಂಟು ಅಚ್ಚು ಹಾಕಿಸಿದ್ದರು. 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟೂ ಬಂತು.

ಶೆಟ್ಟಿಹಳ್ಳಿಯ ಈಗಿನ ಗೋಡೆಗಳು ಎದ್ದದ್ದು ಈ ಹೊತ್ತಿನಲ್ಲೇ. ಹಳ್ಳಿಯ ರೈತರಿಗಾಗಿ ಇಷ್ಟು ಎತ್ತರದ, ಚೂಪು ಕಮಾನುಗಳ ಕಟ್ಟಡ. ಫ್ರಾನ್ಸಿನ ಯಾವುದೋ ಪೇಟೆಯಲ್ಲಿರಬೇಕಾದದ್ದು ರಾಗಿ ಹೊಲಗಳ ನಡುವೆ.

ಗೈಡುಗಳು ಹೇಳುತ್ತಾರೆ: ಬೆಲ್ಲ ಮತ್ತು ಮೊಟ್ಟೆ ಕಲಸಿದ ಗಾರೆ, ಅದಕ್ಕೇ ಇಷ್ಟು ವರ್ಷ ನಿಂತಿದೆ. ನಮ್ಮ ನಾಡಿನ ಹಳೆಯ ಕಟ್ಟಡಗಳಿಗೆಲ್ಲ ಹೇಳಿದಷ್ಟು ಮೊಟ್ಟೆ ಹಾಕಿದ್ದರೆ ಆ ಶತಮಾನದಲ್ಲಿ ಒಂದು ಕೋಳಿಮರಿಯೂ ಹುಟ್ಟುತ್ತಿರಲಿಲ್ಲ. ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸುವ ಪದ್ಧತಿ ಗಾರೆ ಕೆಲಸದವರಲ್ಲಿ ಇದ್ದದ್ದು ನಿಜ. ಆದರೆ ಗಟ್ಟಿತನ ಮುಖ್ಯವಾಗಿ ಸುಣ್ಣದ್ದು. ಸುಣ್ಣದ ಗಾರೆ ಗಾಳಿಯನ್ನು ನಿಧಾನವಾಗಿ ಹೀರಿ ವರ್ಷಗಟ್ಟಲೆ ಗಟ್ಟಿಯಾಗುತ್ತಾ ಮತ್ತೆ ಸುಣ್ಣದ ಕಲ್ಲಾಗುತ್ತದೆ. ನೀರು ಕುಡಿಯುತ್ತದೆ, ನೀರು ಬಿಡುತ್ತದೆ, ಸಿಮೆಂಟಿನಂತೆ ಸಿಡಿಯುವುದಿಲ್ಲ.

ಅದಕ್ಕೂ ಮಿತಿಯಿದೆ. ಸದಾ ನೀರಲ್ಲಿದ್ದರೂ ತಡೆದೀತು, ಸದಾ ಒಣಗಿದ್ದರೂ ತಡೆದೀತು. ಒಂದಾರು ತಿಂಗಳು ಮುಳುಗಿ, ಇನ್ನಾರು ತಿಂಗಳು ಬಿಸಿಲಲ್ಲಿ ಬಾಯ್ಬಿಟ್ಟು ನಿಂತರೆ ಪ್ರತಿ ಸಲವೂ ಒಂದಿಷ್ಟು ಸುಣ್ಣ ಕರಗಿ ಹೋಗುತ್ತದೆ, ಇಟ್ಟಿಗೆಯೊಳಗಿನ ಉಪ್ಪು ಹೊರಗೆ ಬಂದು ಮೈ ಉದುರಿಸುತ್ತದೆ. ಬೇಸಿಗೆಯಲ್ಲಿ ಹತ್ತಿರ ಹೋಗಿ ಗೋಡೆಗೆ ಬೆರಳು ತಾಗಿಸಿದರೆ ಗಾರೆ ರವೆಯಂತೆ ಕೈಗೆ ಬರುತ್ತದೆ. ಅದರ ಮೇಲೆ ಯಾರೋ ಮೊಳೆಯಲ್ಲಿ ಕೆತ್ತಿದ ಹೃದಯದ ಗುರುತು, ಎರಡು ಅಕ್ಷರ.

ಹಳೇಬೀಡಿನ ಬಳಪದ ಕಲ್ಲಿಗೆ ಪುರಾತತ್ವ ಇಲಾಖೆಯ ಕಾವಲಿದೆ. 2023ರ ಸೆಪ್ಟೆಂಬರಿನಿಂದ ಯುನೆಸ್ಕೊ ಪಟ್ಟಿಯ ಗೌರವವೂ ಇದೆ. ಶೆಟ್ಟಿಹಳ್ಳಿಯ ಇಟ್ಟಿಗೆಗೆ ನೀರುಕಾಗೆಗಳೇ ಕಾವಲು.

---

▪ ಇನ್ನಾಸಪ್ಪ ಯಾರು? ಮುಡಿಯಪ್ಪ ಯಾರು?

ಹಳೆ ಮೈಸೂರಿನ ಕಥೋಲಿಕರ ಹೆಸರು ಕೇಳಿದರೆ ಪಕ್ಕದ ಮನೆಯ ಗೌಡರೇ ಅನ್ನಿಸುತ್ತದೆ. ಒಳಗೆ ಸಂತರು ಕೂತಿರುತ್ತಾರೆ.

ಇನ್ನಾಸಪ್ಪ: ಜೆಸುಯಿಟ್ ಸಂಘ ಕಟ್ಟಿದ ಇಗ್ನೇಷಿಯಸ್. ಚೌರಪ್ಪ: ಫ್ರಾನ್ಸಿಸ್ ಜೇವಿಯರ್. ಅಂತೋಣಪ್ಪ: ಅಂತೋಣಿ. ಹೀಗೆ ಉಚ್ಚಾರ ತಿರುಗಿದ್ದು ಕೆಲವು.

ಅರ್ಥ ಹಿಡಿದು ಬಂದವು ಇನ್ನೂ ಚೆನ್ನ. ಪೌಲ ಎಂದರೆ ಲ್ಯಾಟಿನ್ನಿನಲ್ಲಿ ಚಿಕ್ಕವನು, ಹಾಗಾಗಿ ಚಿನ್ನಪ್ಪ. ಸ್ತೆಫನ್ ಎಂದರೆ ಗ್ರೀಕಿನಲ್ಲಿ ಕಿರೀಟ, ಹಾಗಾಗಿ ಮುಡಿಯಪ್ಪ. ಯೊವಾನ್ನ ಎಂದರೆ ದೇವರ ಕೃಪೆ; ಅರುಳಪ್ಪ. ಪೇತ್ರ ರಾಯಪ್ಪನಾದ. ಇವುಗಳಲ್ಲಿ ಹಲವು ತಮಿಳು ಮಿಷನ್ನಿನ ಮೂಸೆಯಲ್ಲಿ ಎರಕ ಹೊಯ್ದು ಗಡಿ ದಾಟಿ ಬಂದವು.

ಕ್ರಿಸ್ಮಸ್ಸಿನಲ್ಲಿ ಇವರು ಕಟ್ಟುವುದು ‘ಕ್ರಿಬ್’ ಅಲ್ಲ, ಗೋದಲಿ. ದನದ ಕೊಟ್ಟಿಗೆ ಕಂಡವರಿಗೇ ಹೊಳೆಯುವ ಪದ.

---

ಅರಸೀಕೆರೆಯಲ್ಲಿ ರೈಲು, ಬೇಲೂರಿನಲ್ಲಿ ಕಾಫಿ

ಹಾಸನ ಜಿಲ್ಲೆಯ ಎಲ್ಲ ಸಭೆಗಳೂ ಹೊಲದಲ್ಲಿ ಹುಟ್ಟಿದವಲ್ಲ. ಅರಸೀಕೆರೆ ಕಡೆ ನೋಡಿದರೆ ಕಥೆ ಪೂರ್ತಿ ಬೇರೆ. ಹೊಯ್ಸಳರ ಕಾಲದ ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರು. ನಕ್ಷತ್ರದಂತೆ ಮೂಲೆಮೂಲೆ ಚಾಚಿದ ಮಂಟಪದ ಶಿವಾಲಯ, ಸುತ್ತ ತೆಂಗು. ಬೆಂಗಳೂರಿನಿಂದ ಹರಿಹರದ ಕಡೆ ಮೀಟರ್ ಗೇಜ್ ಹಳಿ 1889ರ ಹೊತ್ತಿಗೆ ಇದನ್ನು ಹಾದುಹೋಯಿತು. ಮುಂದೆ ಹಾಸನದ ಮೇಲೆ ಮೈಸೂರಿಗೆ ಇನ್ನೊಂದು ಹಳಿ ಕವಲೊಡೆದ ಮೇಲೆ ಅರಸೀಕೆರೆ ಜಂಕ್ಷನ್ ಆಯಿತು.

ಜಂಕ್ಷನ್ ಊರಿಗೆ ಜನ ಹಳಿಯ ಮೇಲೆ ಬರುತ್ತಾರೆ. ಡ್ರೈವರ್, ಗಾರ್ಡ್, ಫೈರ್‌ಮನ್, ಪಾಯಿಂಟ್ಸ್‌ಮನ್. ತಮಿಳು ಮಾತಾಡುವವರು, ತೆಲುಗಿನವರು, ಆಂಗ್ಲೋ ಇಂಡಿಯನ್ನರು. ಅವರ ಸಭೆಗೆ ಬೇರು ನೆಲದಲ್ಲಿ ಇರುವುದಿಲ್ಲ, ವರ್ಗಾವಣೆ ಆದೇಶದಲ್ಲಿ ಇರುತ್ತದೆ. ಇವತ್ತು ಹಾಡಿದವರು ಮುಂದಿನ ಈಸ್ಟರಿಗೆ ಹುಬ್ಬಳ್ಳಿಯಲ್ಲಿ ಇರುತ್ತಾರೆ. ಶೆಟ್ಟಿಹಳ್ಳಿಯ ಒಕ್ಕಲಿಗೂ ರೈಲ್ವೆ ಕ್ವಾರ್ಟರ್ಸಿನ ಸಭೆಗೂ ದೇವರು ಒಂದೇ, ಕ್ಯಾಲೆಂಡರು ಒಂದೇ. ಒಬ್ಬರು ಮಳೆ ನೋಡಿ ದಿನ ಎಣಿಸಿದರೆ ಇನ್ನೊಬ್ಬರು ಟೈಮ್ ಟೇಬಲ್ ನೋಡಿ.

ಬೇಲೂರಿನ ಪಶ್ಚಿಮಕ್ಕೆ, ಸಕಲೇಶಪುರದ ಮಂಜರಾಬಾದ್ ಕಡೆ, ಮೂರನೇ ಬಗೆ. 1840ರ ದಶಕದಿಂದ ಯುರೋಪಿನ ಪ್ಲಾಂಟರುಗಳು ಕಾಫಿ ಹಾಕಲು ಬಂದರು. ಅವರಲ್ಲಿ ರಾಬರ್ಟ್ ಎಲಿಯಟ್ 1894ರಲ್ಲಿ ಚಿನ್ನ, ಬೇಟೆ, ಕಾಫಿಯ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದರು. ಸಾಹೇಬರಿಗೆ ಭಾನುವಾರ ಪ್ರಾರ್ಥನೆ ಬೇಕಿತ್ತು, ಜೊತೆಗೆ ಪಕ್ಕದ ತೋಟದ ಸುದ್ದಿಯೂ. ಕೂಲಿ ಲೈನುಗಳ ಕ್ರೈಸ್ತರು ಬೇರೆ. ಸಾಹೇಬರು ಹೋದರು, ಲೈನಿನವರ ಮೊಮ್ಮಕ್ಕಳು ಇದ್ದಾರೆ.

ಪ್ರೊಟೆಸ್ಟೆಂಟರ ಕಡೆ ಮಾತು ವೆಸ್ಲಿಯನ್ ಮಿಷನ್ನಿನದು. 1876–78ರ ಭೀಕರ ಬರ, ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುವುದು, ಮೈಸೂರು ಸೀಮೆಯನ್ನು ಬರಿದು ಮಾಡಿತು. ತಬ್ಬಲಿ ಹೆಣ್ಣುಮಕ್ಕಳಿಗಾಗಿ ವೆಸ್ಲಿಯನ್ನರು ಹಾಸನದಲ್ಲಿ ಅನಾಥಾಲಯ ನಡೆಸಿದರು. ಹೆಂಗಸರು ಮಕ್ಕಳಿಗೆಂದು ಅವರು ತೆರೆದ ರೆಡ್‌ಫರ್ನ್ ಆಸ್ಪತ್ರೆಯ ಹೆಸರು ಹಾಸನದಲ್ಲಿ ಗೊತ್ತಿಲ್ಲದವರಿಲ್ಲ. 1947ರ ಸೆಪ್ಟೆಂಬರಿನಲ್ಲಿ ಈ ಸಭೆಗಳೆಲ್ಲ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದವು. ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತಷ್ಟೇ.

ಇನ್ನೊಂದು ಮಿಷನರಿ ಕೈಯ ಗುರುತು ಬೇಲೂರು, ಹಳೇಬೀಡುಗಳ ಮೇಲೇ ಇದೆ, ಆದರೆ ಯಾರೂ ಹಾಗೆ ನೆನೆಯುವುದಿಲ್ಲ. ಬಿ.ಎಲ್. ರೈಸ್ ಬೆಂಗಳೂರಿನಲ್ಲಿ ಲಂಡನ್ ಮಿಷನ್ ಪಾದ್ರಿಯ ಮಗನಾಗಿ 1837ರಲ್ಲಿ ಹುಟ್ಟಿದವರು. ಅಪ್ಪ ಬೈಬಲ್ ಓದಿಸಿದರು, ಮಗ ಕಲ್ಲು ಓದಿದರು. ಅವರು ಓದಿ ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟವಾಗಿ 1902ರಲ್ಲಿ ಹೊರಬಂದವು. ಬೇಲೂರು ಚೆನ್ನಕೇಶವನ ಅಂಗಳದಲ್ಲಿ ಗುಡಿಯ ವರ್ಷವೆಂದು ಗೈಡು ಒಪ್ಪಿಸುವ 1117ನೇ ಇಸವಿಯ ಹಿಂದೆ ಆ ಸಂಪುಟದ ಬೆವರಿದೆ.

ಊರು ಎದ್ದ ವರ್ಷ

ಮತ್ತೆ ಹೊಳೆಯ ದಡಕ್ಕೆ ಬರೋಣ.

ಹಾಸನದ ಕಥೋಲಿಕರು 1963ರವರೆಗೆ ಮೈಸೂರು ಧರ್ಮಪ್ರಾಂತ್ಯದವರು. ಆ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಹೊಸ ಧರ್ಮಪ್ರಾಂತ್ಯವಾಯಿತು. ಮೊದಲ ಧರ್ಮಾಧ್ಯಕ್ಷರು ಅಲ್ಫೋನ್ಸಸ್ ಮಥಾಯಸ್. ಮುಂದೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದವರು. ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ ದಿನಗಳವು. ಅದರ ತೀರ್ಮಾನದಂತೆ ಪೂಜೆ ಲ್ಯಾಟಿನ್ ಬಿಟ್ಟು ಜನರ ನುಡಿಗೆ ಬಂತು. ಮನೆಯಲ್ಲಿ, ಹಾಡಿನಲ್ಲಿ, ಜಪಸರದಲ್ಲಿ ಆಗಲೇ ಕನ್ನಡವಿತ್ತು. ಈಗ ಪೀಠದ ಮೇಲಿಂದಲೂ ಕೇಳಿಸಿತು. ಶೆಟ್ಟಿಹಳ್ಳಿಯ ಚೂಪು ಕಮಾನಿನ ಕೆಳಗೆ ಪೂರ್ತಿ ಕನ್ನಡದ ಪೂಜೆ ಮೊಳಗಿದ ವರ್ಷಗಳು ಕೈಬೆರಳಲ್ಲಿ ಎಣಿಸುವಷ್ಟೇ. ಅಷ್ಟರಲ್ಲಿ ಅಣೆಕಟ್ಟು ಬಂತು.

ಗೊರೂರಿನ ಬಳಿ ಹೇಮಾವತಿಗೆ ಕಟ್ಟೆ ಹಾಕುವ ಕೆಲಸ 1979ರಲ್ಲಿ ಮುಗಿಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳನ್ನು ಓದಿದವರಿಗೆ ಆ ಹೊಳೆ ಗೊತ್ತು. ಅವರ ಕಾದಂಬರಿಯೊಂದರ ಹೆಸರೇ ‘ಹೇಮಾವತಿ’. ಅದೇ ಹೊಳೆ ಕಟ್ಟೆಗೆ ಎದೆಕೊಟ್ಟು ಹಿಂದಕ್ಕೆ ಹರಡಿಕೊಂಡಿತು. ಹಳ್ಳಿಗಳು ಎದ್ದವು. ಮಸಣ, ಬಾವಿ, ಕಣ, ಗುಡಿ, ಚರ್ಚು ಎಲ್ಲ ಒಳಗಾದವು. ಶೆಟ್ಟಿಹಳ್ಳಿಯವರು ಎತ್ತರದ ಜಾಗಕ್ಕೆ ಸರಿದರು.

ಅದೇ 1979ರಲ್ಲಿ ಹಾಸನ–ಮಂಗಳೂರು ರೈಲು ಹಳಿಯೂ ಪೂರ್ತಿಯಾಯಿತು. ಅರಸೀಕೆರೆಯಲ್ಲಿ ಹತ್ತಿದವರು ಘಟ್ಟ ಇಳಿದು ಕಡಲಿಗೆ ಹೋಗುವಂತಾಯಿತು. ಜಿಲ್ಲೆಗೆ ಒಂದೇ ವರ್ಷ ಎರಡು ಸಂಭ್ರಮ. ಪತ್ರಿಕೆಗಳಲ್ಲಿ ಊರು ಎದ್ದ ಸುದ್ದಿಗೆ ಎಷ್ಟು ಜಾಗ ಸಿಕ್ಕಿರಬಹುದು ಎಂದು ಊಹಿಸಲು ಕಷ್ಟವಿಲ್ಲ.

ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆ ನೀರು ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಗದ್ದೆ ತೋಟಗಳಿಗೆ ಉಸಿರು. ಆದರೆ ಇದೇ ಜಿಲ್ಲೆಯ ಅರಸೀಕೆರೆ ಬರದ ತಾಲ್ಲೂಕಾಗಿಯೇ ಉಳಿದು ತೆಂಗು ಒಣಗಿಸಿಕೊಂಡಿದ್ದನ್ನು ನೋಡಿದಾಗ, ಅಲ್ಲಿಯ ಜನಕ್ಕೆ ನೀರಿನ ಹಂಚಿಕೆಯ ಬಗ್ಗೆ ಏನನ್ನಿಸುತ್ತದೋ ಕೇಳಬೇಕು. ಒಂದು ಕಡೆ ಚರ್ಚು ಮುಳುಗುವಷ್ಟು, ಇನ್ನೊಂದು ಕಡೆ ಕೊಡ ಮುಳುಗದಷ್ಟು.

---

▪ ಹೊಳೆಯ ಲೆಕ್ಕ

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಬಳಿ, ಬಲ್ಲಾಳರಾಯನ ದುರ್ಗದ ತಪ್ಪಲಲ್ಲಿ. ಸುಮಾರು 245 ಕಿ.ಮೀ. ಹರಿದು ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಗೆ ಸೇರುತ್ತದೆ. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ (ಸಮುದ್ರಮಟ್ಟದಿಂದ), ಸಂಗ್ರಹ ಸುಮಾರು 37 ಟಿಎಂಸಿ ಅಡಿ. ಈ 2,922 ಎಂಬ ಸಂಖ್ಯೆ ಹಾಸನದ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ.

---

ಚರ್ಚಿನೊಳಗಿನ ಸಾಮಾನು, ಪೀಠ, ಗಂಟೆಗಳನ್ನು ಸಾಗಿಸಬಹುದು. ಮಾಡು ಬಿಚ್ಚಬಹುದು. ಗೋಡೆಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ಗದ್ದೆಯನ್ನೂ. ಅದಕ್ಕೇ ಎರಡೂ ಅಲ್ಲೇ ಉಳಿದವು. ವ್ಯತ್ಯಾಸ ಇಷ್ಟೆ: ಗೋಡೆ ಕಾಣಿಸುತ್ತದೆ, ಗದ್ದೆ ಕಾಣಿಸುವುದಿಲ್ಲ. ದುಬ್ವಾ ಕಾಲದಲ್ಲಿ ಮೊದಲು ಬಂದದ್ದು ಗದ್ದೆ, ಆಮೇಲೆ ಗುಡಿ. ನಾವು ಕಾರಿನಲ್ಲಿ ಬಂದು ಫೋಟೊ ತೆಗೆಯುವುದು ಆಮೇಲೆ ಬಂದದ್ದನ್ನು.

ಆ ಭಾನುವಾರ ಸಂಜೆ ಹಿನ್ನೀರಿನ ಆಚೆ ದಿಬ್ಬದ ಊರೊಂದರ ಮನೆಯಲ್ಲಿ ಕೂತಿದ್ದೆ. ಜಗಲಿಯ ಮೇಲೆ ಒಣ ಹಾಕಿದ ಆಲೂಗಡ್ಡೆ ರಾಶಿ. ಒಳಗೆ ಗೋಡೆಗೆ ಮರಿಯಮ್ಮನವರ ಪಟ, ಅದಕ್ಕೆ ಕನಕಾಂಬರ. ದೀಪ ಹಚ್ಚಿ ಮನೆಯವರೆಲ್ಲ ಜಪಸರಕ್ಕೆ ಕೂತರು. ಅಜ್ಜಿ ಹೇಳಿಕೊಡುವುದು, ಉಳಿದವರು ಮುಗಿಸುವುದು. ಐದು ಹತ್ತರ ಕಂತು, ಶುರುವಿನ ಮೂರು ಸೇರಿ 53 ಮಣಿ. ಸೊಸೆ ಒಂದು ಕೈಯಲ್ಲಿ ಮಣಿ ಜರುಗಿಸುತ್ತಾ ಇನ್ನೊಂದು ಕೈಯಲ್ಲಿ ಮಗುವಿನ ಬಾಯಿ ಒರೆಸುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯುವ ಸದ್ದು ನಡುನಡುವೆ.

ಮುಗಿದ ಮೇಲೆ ಎಲ್ಲರೂ ಹಣೆಗೆ ಗುರುತು ಹಾಕಿಕೊಂಡರು. ತಾತ ಮಣಿಸರ ಮಡಿಸಿ ಜೇಬಿಗಿಟ್ಟು ಮೊಮ್ಮಗನ ಕಡೆ ತಿರುಗಿದರು.

‘ಡ್ಯಾಮು ಎಷ್ಟಾಯ್ತಂತೋ?’

‘ಫುಲ್ಲು ತಾತ. 2,922.’

ತಾತ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಅವರ ತಲೆಮಾರಿನವರಿಗೆ ಆ ಚರ್ಚು ಅಳತೆ ಕೋಲೂ ಹೌದು. ನೀರು ಬಾಗಿಲ ಹೊಸಿಲು ಮುಟ್ಟಿದರೆ ಇಂತಿಂಥವರ ಕಣ ಮುಳುಗಿತು, ಕಿಟಕಿ ಮುಟ್ಟಿದರೆ ಇಂತಿಂಥವರ ಹೊಲ.

‘ಕಿಟಕಿ ಕಮಾನಿಗೆ ಬಂದಿರಬೇಕಲ್ಲ ಸ್ವಾಮಿ?’ ಎಂದು ನನ್ನನ್ನು ಕೇಳಿದರು. ಹೌದು ಎಂದೆ.

‘ಹಂಗಾರೆ ನಮ್ಮಪ್ಪನ ಬಾವಿಕಟ್ಟೆ ಮೇಲೆ ಎರಡಾಳು ನೀರು.’